ಭ್ರೂಣ ಕೊಟ್ಟವಳ ಸಹಿಯನ್ನು ಯಾರಾದರೂ ಓದಿದ್ದೀರಾ?

ನಿನ್ನೆ ರಾತ್ರಿ ಒಂದು ಚಾನೆಲ್‌ನಲ್ಲಿ ಸ್ಟೆಮ್ ಸೆಲ್ ಚರ್ಚೆ. ತಲೆಬರಹ: "ಭ್ರೂಣ ಸಂಶೋಧನೆ: ವಿಜ್ಞಾನವೋ, ಹತ್ಯೆಯೋ?" ಕೂತವರು ನಾಲ್ಕು ಜನ, ನಾಲ್ವರೂ ಗಂಡಸರು. ಹಿಂದಿನ ಪರದೆ ತುಂಬಾ ಗರ್ಭದೊಳಗೆ ಹೆಬ್ಬೆರಳು ಚೀಪುವ ಐದು ತಿಂಗಳ ಶಿಶು. ನಡುವೆ ಬ್ರೇಕ್, ಬ್ರೇಕಿನಲ್ಲಿ ಮಂಡಿನೋವಿಗೆ "ಸ್ಟೆಮ್ ಸೆಲ್ ಚಿಕಿತ್ಸೆ" ಕೊಡುವ ಕ್ಲಿನಿಕ್ಕಿನ ಜಾಹೀರಾತು. ಬ್ರೇಕ್ ಮುಗಿದ ಮೇಲೆ ಮತ್ತೆ ಹತ್ಯೆ. ನಗಬೇಕೋ ರಿಮೋಟ್ ಎಸೆಯಬೇಕೋ ತಿಳಿಯಲಿಲ್ಲ. ಎಸೆದಿಲ್ಲ, ಟೀವಿ ಹೊಸದು.

ನಾನು ಇಷ್ಟು ವರ್ಷ ಸ್ಟೆಮ್ ಸೆಲ್ ಲ್ಯಾಬಿನಲ್ಲಿ ಕೂತು ಏನು ನೋಡಿಕೊಂಡು ಬಂದಿದ್ದೇನೆ ಅನ್ನೋದು ಇಲ್ಲಿರುವ ಬಹುಪಾಲು ಜನರಿಗೆ ಗೊತ್ತು. ಹಾಗಾಗಿ ಪೀಠಿಕೆ ಬೇಡ, ಮೊದಲು ಆ ಚಿತ್ರದ ಲೆಕ್ಕ ಚುಕ್ತಾ ಮಾಡೋಣ.

ಲ್ಯಾಬಿಗೆ ಬರೋದು ಅಂಡಾಣು ಫಲಿತವಾಗಿ ಐದು ಅಥವಾ ಆರು ದಿನ ಕಳೆದ ಭ್ರೂಣ, ಅಂದರೆ ಬ್ಲಾಸ್ಟೊಸಿಸ್ಟ್. ಗಾತ್ರ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ನೂರರಿಂದ ಇನ್ನೂರು ಕೋಶ. ಹೊರಗೆ ಒಂದೇ ಸಾಲಿನ ಕೋಶಗಳ ಗೋಡೆ, ಮುಂದೆ ಮಾಸು ಆಗಬೇಕಾದದ್ದು. ಒಳಗೆಲ್ಲ ನೀರು, ಒಂದು ಬದಿಗೆ ಅಂಟಿಕೊಂಡ ಪುಟ್ಟ ಗಂಟು. ಸ್ಟೆಮ್ ಸೆಲ್, ಅಂದರೆ ಮೈಯ ಯಾವ ಬಗೆಯ ಕೋಶವಾಗಿಯೂ ಮಾರ್ಪಡಬಲ್ಲ ಮೂಲಕೋಶ, ಬರೋದು ಆ ಗಂಟಿನಿಂದ. ಬೆರಳಿಲ್ಲ, ಬಾಯಿಲ್ಲ, ನರವಿಲ್ಲ. ಅದಿನ್ನೂ ಗರ್ಭಕೋಶದ ಗೋಡೆಗೆ ಕಚ್ಚಿಕೊಂಡೂ ಇಲ್ಲ. ಹದಿನಾಲ್ಕನೇ ದಿನದ ಹೊತ್ತಿಗೆ ಪ್ರಿಮಿಟಿವ್ ಸ್ಟ್ರೀಕ್ ಎಂಬ ಗೆರೆ ಮೂಡುವವರೆಗೆ ಅದು ಒಂದು ಮಗುವಾಗುತ್ತದೋ, ಒಡೆದು ಅವಳಿಯಾಗುತ್ತದೋ ಅನ್ನೋದೂ ತೀರ್ಮಾನವಾಗಿರೋದಿಲ್ಲ. ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲಿ ಹದಿನಾಲ್ಕು ದಿನದ ಮಿತಿ ಹೇಳಿದ್ದಕ್ಕೆ, 1990ರಲ್ಲಿ ಅಲ್ಲಿನ ಸಂಸತ್ತು ಅದನ್ನು ಕಾನೂನು ಮಾಡಿದ್ದಕ್ಕೆ ಈ ಗೆರೆಯೇ ಆಧಾರ.

ಆ ಗಂಟನ್ನು ಬಿಡಿಸೋದು ಹೇಗೆ? "ಕತ್ತರಿಸಿ, ಕೊಂದು" ಅಂತ ನಿನ್ನೆ ಒಬ್ಬರು ಕೈಯಾಡಿಸಿ ತೋರಿಸಿದರು. ಹಳೆಯ ಕ್ರಮಕ್ಕೆ ಇಮ್ಯುನೊಸರ್ಜರಿ ಅಂತಾರೆ. ಭ್ರೂಣದ ಸುತ್ತಲಿನ ಜೋನಾ ಎಂಬ ಚಿಪ್ಪನ್ನು ಪ್ರೊನೇಸ್ ಕಿಣ್ವದಲ್ಲಿ ಕರಗಿಸಬೇಕು. ಆಮೇಲೆ ಮನುಷ್ಯರ ಕೋಶಕ್ಕೆ ಅಂಟುವ ಆಂಟಿಬಾಡಿಯಲ್ಲಿ ಅದ್ದಬೇಕು. ಹೊರಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಆಂಟಿಬಾಡಿ ಒಳಕ್ಕೆ ಇಳಿಯೋದಿಲ್ಲ, ಗೋಡೆಗೆ ಮಾತ್ರ ಮೆತ್ತಿಕೊಳ್ಳುತ್ತದೆ. ತೊಳೆದು ಗಿನಿಪಿಗ್ ಸೀರಮ್ಮಿನ ಕಾಂಪ್ಲಿಮೆಂಟಿಗೆ (ಆಂಟಿಬಾಡಿ ಮೆತ್ತಿದ ಕೋಶವನ್ನು ಒಡೆಯುವ ಪ್ರೋಟೀನ್‌ಗಳಿಗೆ) ಹಾಕಿದರೆ ಗೋಡೆ ಒಡೆದುಹೋಗಿ ಗಂಟು ಉಳಿಯುತ್ತದೆ. ಅದನ್ನು ಇಲಿಯ ಭ್ರೂಣದಿಂದ ತೆಗೆದ ಫೈಬ್ರೊಬ್ಲಾಸ್ಟ್ ಕೋಶಗಳ ಹಾಸಿನ ಮೇಲೆ ಕೂರಿಸಬೇಕು. ಆ ಹಾಸಿನ ಕೋಶಗಳಿಗೆ ಮೊದಲೇ ಮೈಟೊಮೈಸಿನ್ ಅಥವಾ ಗಾಮಾ ಕಿರಣ ಕೊಟ್ಟು ವಿಭಜನೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಇಲಿಯ ಕೋಶಗಳೇ ಬೆಳೆದು ತಟ್ಟೆ ತುಂಬುತ್ತವೆ.

ಗಂಟು ಹರಡಿಕೊಂಡರೆ ಅದೃಷ್ಟ. ಮೈಕ್ರೊಸ್ಕೋಪಿನ ಕೆಳಗೆ, ಬೆಂಕಿಯಲ್ಲಿ ಎಳೆದು ಮೊನೆ ಮಾಡಿದ ಗಾಜಿನ ಪಿಪೆಟ್ ಹಿಡಿದು ಐವತ್ತು, ನೂರು ಕೋಶಗಳ ತುಣುಕು ಮಾಡಿ ಹೊಸ ತಟ್ಟೆಗೆ ದಾಟಿಸಬೇಕು. ಹೀಗೆ ದಾಟಿಸೋದಕ್ಕೆ ಪಾಸೇಜ್ ಅಂತಾರೆ, ಒಂದೇ ಭ್ರೂಣದಿಂದ ಬಂದು ಹೀಗೆ ಬೆಳೆಯುತ್ತಾ ಹೋಗುವ ಕೋಶಗಳ ವಂಶಕ್ಕೆ ಲೈನ್. ಬಿಡಿಬಿಡಿಯಾಗಿ ಬೇರ್ಪಡಿಸಿದರೆ ಬಹುಪಾಲು ಸಾಯುತ್ತವೆ. 2007ರಲ್ಲಿ ಜಪಾನಿನವರು ಹತ್ತು ಮೈಕ್ರೊಮೋಲಾರ್‌ನಷ್ಟು, ಕೋಶದ ಸಾವನ್ನು ತಡೆಯುವ ರಾಕ್ ಇನ್‌ಹಿಬಿಟರ್ ಹಾಕಿದರೆ ಬದುಕುತ್ತವೆ ಅಂತ ತೋರಿಸುವವರೆಗೆ ಎಲ್ಲರದ್ದೂ ಇದೇ ಪಾಡು. ಕೋಶಗಳಿಗೆ ಆಹಾರವಾದ ದ್ರವ, ಅಂದರೆ ಮೀಡಿಯಂ ಒಳಗಿನ ಎಫ್‌ಜಿಎಫ್-2 ಎಂಬ ಪ್ರೋಟೀನ್ 37 ಡಿಗ್ರಿ ಶಾಖದಲ್ಲಿ ಒಂದು ದಿನವೂ ಸರಿಯಾಗಿ ತಡೆಯೋದಿಲ್ಲ. ಅದು ಸೋತರೆ ಕೋಶಗಳು ತಮಗೆ ಬೇಕಾದ್ದಾಗಿ ಮಾರ್ಪಡಲು ಶುರು ಮಾಡುತ್ತವೆ. ಆದ್ದರಿಂದ ಮೀಡಿಯಂ ದಿನಾ ಬದಲಿಸಬೇಕು. ಭಾನುವಾರವೂ. ಯುಗಾದಿಗೂ.

ಇಷ್ಟೆಲ್ಲ ಮಾಡಿದರೂ ಕೆಡುತ್ತದೆ. ಮೈಕೊಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾ ಹತ್ತಬಹುದು, ಮೀಡಿಯಂ ಕಲಕಾಗೋದೂ ಇಲ್ಲ, ಪರೀಕ್ಷೆ ಮಾಡಿದರಷ್ಟೇ ಗೊತ್ತಾಗೋದು. 20ನೇ ಕ್ರೋಮೊಸೋಮಿನ ಒಂದು ತುಂಡು ದುಪ್ಪಟ್ಟಾದ ಕೋಶ ಸುಲಭಕ್ಕೆ ಸಾಯೋದಿಲ್ಲ, ಹಾಗಾಗಿ ಪಾಸೇಜ್ ಕಳೆದಂತೆ ತಟ್ಟೆಯನ್ನೆಲ್ಲ ಅದೇ ಆಕ್ರಮಿಸುತ್ತದೆ. ನೋಡೋಕೆ ಬಹಳ ಚೆನ್ನಾಗಿ ಬೆಳೀತಿದೆ ಅನ್ನಿಸುತ್ತದೆ, ಹೊಸ ಹುಡುಗರು ಖುಷಿಪಡುತ್ತಾರೆ. ತುಂಡು ಚಿಕ್ಕದಾದರೆ ಕ್ರೋಮೊಸೋಮುಗಳನ್ನು ಮೈಕ್ರೊಸ್ಕೋಪಿನಲ್ಲಿ ನೋಡುವ ಮಾಮೂಲಿ ಕ್ಯಾರಿಯೊಟೈಪಿಂಗ್‌ನಲ್ಲೂ ಸಿಕ್ಕಿಬೀಳೋದಿಲ್ಲ.

ಈಗ ನನ್ನ ತಕರಾರು. ಐವಿಎಫ್, ಅಂದರೆ ಪ್ರನಾಳ ಶಿಶು ಚಿಕಿತ್ಸೆಯ ಕ್ಲಿನಿಕ್ಕಿನಲ್ಲಿ ಒಂದು ಆವರ್ತದಲ್ಲಿ ಆರೇಳು ಭ್ರೂಣ ಬೆಳೆದವು ಅನ್ನಿ. ಒಂದೋ ಎರಡೋ ಗರ್ಭಕ್ಕೆ, ಚೆನ್ನಾಗಿರುವ ಕೆಲವು ಸ್ಟ್ರಾ ಎಂಬ ತೆಳು ಕೊಳವೆಯೊಳಗೆ ಸೇರಿ ದ್ರವ ಸಾರಜನಕಕ್ಕೆ, ಮೈನಸ್ 196 ಡಿಗ್ರಿಗೆ. ಗ್ರೇಡ್ ಕಡಿಮೆ ಇದ್ದವು ಆ ದಿನವೇ ಹೊರಗೆ. ಫ್ರೀಜ್ ಆದವು ದಂಪತಿಗೆ ಮಗುವಾದ ಮೇಲೆ ವರ್ಷಗಟ್ಟಲೆ ಟ್ಯಾಂಕಿನಲ್ಲಿ ಇದ್ದು, ಬಾಡಿಗೆ ಕಟ್ಟೋದು ನಿಂತ ಮೇಲೆ ಒಂದು ದಿನ ಸ್ಟ್ರಾ ಎತ್ತಿ ಬೆಂಚಿನ ಮೇಲೆ ಇಟ್ಟರೆ ತಾನೇ ಕರಗುತ್ತವೆ. ಅಲ್ಲಿಂದ ಆಸ್ಪತ್ರೆ ಕಸದ ಹಳದಿ ಚೀಲ, ಚೀಲದಿಂದ ಇನ್ಸಿನರೇಟರ್. ಇದಕ್ಕೆ ಯಾವ ಚಾನೆಲ್ಲೂ ಚರ್ಚೆ ಇಟ್ಟಿದ್ದು ನಾನು ಕಂಡಿಲ್ಲ. ಅದೇ ಭ್ರೂಣ ಹಳದಿ ಚೀಲದ ಬದಲು ಪಕ್ಕದ ಲ್ಯಾಬಿಗೆ ಹೋದರೆ ಹತ್ಯೆ! ಎಸೆದರೆ ಪಾಪವಿಲ್ಲ, ಬಳಸಿದರೆ ಪಾಪ.

ಮತ್ತೆ ಆ ಭ್ರೂಣ ಎಲ್ಲಿಂದ ಬಂತು? ಒಬ್ಬಳು ಹತ್ತು ಹನ್ನೆರಡು ದಿನ ಹೊಟ್ಟೆಗೆ ಹಾರ್ಮೋನ್ ಚುಚ್ಚಿಸಿಕೊಂಡು, ದಿನ ಬಿಟ್ಟು ದಿನ ಸ್ಕ್ಯಾನ್ ಮಾಡಿಸಿಕೊಂಡು, ಕೊನೆಯ ಟ್ರಿಗರ್ ಇಂಜೆಕ್ಷನ್ ಆಗಿ ಸುಮಾರು 36 ಗಂಟೆಗೆ ಅರಿವಳಿಕೆ ತಗೊಂಡು, ಯೋನಿ ಮಾರ್ಗವಾಗಿ ಅಂಡಾಶಯಕ್ಕೆ ಸೂಜಿ ಹಾಕಿಸಿಕೊಂಡು ಕೊಟ್ಟ ಅಂಡಾಣು ಅದು. ಅಂಡಾಶಯ ಅತಿಯಾಗಿ ಉಬ್ಬಿ ಹೊಟ್ಟೆಯಲ್ಲಿ ನೀರು ತುಂಬಿ ಐಸಿಯು ಸೇರುವವರೂ ಇದ್ದಾರೆ. ನಿನ್ನೆಯ ಚರ್ಚೆಯಲ್ಲಿ "ಭ್ರೂಣ" ಅನ್ನುವ ಪದ ಎಷ್ಟು ಸಲ ಬಂತೋ ಲೆಕ್ಕ ಇಟ್ಟಿಲ್ಲ. ಈ ಹೆಂಗಸು ಒಂದು ಸಲವೂ ಬರಲಿಲ್ಲ.

ಇದು ನಮ್ಮ ಚಾನೆಲ್ಲಿನ ರೋಗ ಮಾತ್ರ ಅಲ್ಲ. ಈ ಇಡೀ ರಾಜಕೀಯ ಹುಟ್ಟಿದ ಅಮೆರಿಕದಲ್ಲೂ ಕಥೆ ಹೀಗೇ. ಭ್ರೂಣ ನಾಶವಾಗುವ ಸಂಶೋಧನೆಗೆ ಕೇಂದ್ರದ ದುಡ್ಡು ಕೊಡಬಾರದು ಎಂಬ ಡಿಕಿ-ವಿಕರ್ ತಿದ್ದುಪಡಿ 1996ರಿಂದ ಪ್ರತಿ ವರ್ಷದ ಬಜೆಟ್ ಕಾಯ್ದೆಗೆ ಬಾಲದ ಹಾಗೆ ಅಂಟಿಕೊಂಡು ಬರುತ್ತಿದೆ. ಹಾಗಾಗಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ 1998ರಲ್ಲಿ ಮೊದಲ ಮಾನವ ಲೈನ್‌ಗಳನ್ನು ಮಾಡಿದ್ದು ಜೆರಾನ್ ಎಂಬ ಕಂಪನಿಯ ದುಡ್ಡಿನಲ್ಲಿ, ಸರ್ಕಾರದ ಕಾಸಿನ ಒಂದು ಉಪಕರಣವೂ ಸೋಕದ ಬೇರೆ ಲ್ಯಾಬಿನಲ್ಲಿ. ಹದಿನಾಲ್ಕು ಗಂಟು ಬಿಡಿಸಿ ಐದು ಲೈನ್ ಬಂದವು: ಎಚ್1, ಎಚ್7, ಎಚ್9, ಎಚ್13, ಎಚ್14. ಪೇಟೆಂಟ್ ವಿಶ್ವವಿದ್ಯಾಲಯದ ಪ್ರತಿಷ್ಠಾನಕ್ಕೆ, ಮುಖ್ಯ ವಾಣಿಜ್ಯ ಹಕ್ಕು ಜೆರಾನ್‌ಗೆ. ಸರ್ಕಾರ "ನಮ್ಮ ಕೈಗೆ ಮೈಲಿಗೆ ಬೇಡ" ಅಂತ ದೂರ ನಿಂತಾಗ ಕೆಲಸ ನಿಲ್ಲಲಿಲ್ಲ, ಸರ್ಕಾರದ ಕಣ್ಣು ತಪ್ಪಿತು ಅಷ್ಟೇ.

2001ರ ಆಗಸ್ಟ್ 9. ಜಾರ್ಜ್ ಬುಷ್ ಟೆಕ್ಸಾಸ್‌ನ ತಮ್ಮ ರ‍್ಯಾಂಚಿನಿಂದ ಟೀವಿಯಲ್ಲಿ ಮಾತಾಡಿ, ಆಗಲೇ ಇರುವ ಲೈನ್‌ಗಳಿಗೆ ಕೇಂದ್ರದ ದುಡ್ಡು ಸಿಗುತ್ತದೆ, ಇನ್ನು ಮುಂದೆ ಮಾಡಿದ್ದಕ್ಕೆ ಇಲ್ಲ ಎಂದರು. ನಿಯಮದಲ್ಲಿ ಗಂಟೆಯನ್ನೂ ಬರೆದರು, ಅಮೆರಿಕದ ಪೂರ್ವ ಕರಾವಳಿಯ ಸಮಯ ರಾತ್ರಿ 9. ಎಂಟು ಐವತ್ತೈದಕ್ಕೆ ಬಿಡಿಸಲು ಹಿಡಿದ ಭ್ರೂಣ ಸರಿ, ಒಂಬತ್ತು ಐದಕ್ಕೆ ಹಿಡಿದದ್ದು ತಪ್ಪು! ಇದಕ್ಕೆ ನೀತಿಶಾಸ್ತ್ರ ಅಂತಾರೋ ಪಂಚಾಂಗ ಅಂತಾರೋ?

ಆ ತಿಂಗಳು ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಹೊರಡಿಸಿದ 64 ಲೈನ್‌ಗಳ ಪಟ್ಟಿಯಲ್ಲಿ ನಮ್ಮ ಬೆಂಗಳೂರೂ ಇತ್ತು ಅನ್ನೋದು ಎಷ್ಟು ಜನಕ್ಕೆ ನೆನಪಿದೆಯೋ. ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಹೆಸರಿನಲ್ಲಿ 3, ಮುಂಬಯಿಯ ರಿಲಯನ್ಸ್ ಲೈಫ್ ಸೈನ್ಸಸ್ ಹೆಸರಿನಲ್ಲಿ 7. ಅಂದಿನ ಪತ್ರಿಕೆಗಳಿಗೆ ಭಾರೀ ಹೆಮ್ಮೆ. ಆದರೆ ಪಟ್ಟಿಯಲ್ಲಿದ್ದ ಬಹುಪಾಲು ಲೈನ್‌ಗಳು ಸಂಶೋಧಕರ ಕೈಗೆ ಸಿಗಲೇ ಇಲ್ಲ. ಕೊನೆಗೆ ಜಗತ್ತಿಗೆಲ್ಲ ಹಂಚಲು ದೊರೆತವು ಇಪ್ಪತ್ತರ ಆಸುಪಾಸು. ಅವೂ ಇಲಿಯ ಹಾಸಿನ ಮೇಲೆ, ದನದ ಸೀರಮ್ ಕುಡಿದು ಬೆಳೆದವು. ಅಂಥ ಕೋಶಗಳ ಮೈಮೇಲೆ ಮನುಷ್ಯರಲ್ಲಿ ಇಲ್ಲದ ಒಂದು ಸಕ್ಕರೆ ಅಂಟಿರುತ್ತದೆ, ನಮ್ಮ ರಕ್ತದಲ್ಲಿ ಅದರ ವಿರುದ್ಧ ಆಂಟಿಬಾಡಿ ಮೊದಲೇ ಇದೆ ಎಂದು 2005ರಲ್ಲಿ ಗೊತ್ತಾಯಿತು. ರೋಗಿಗೆ ಹಾಕಲು ಹೊರಟವರಿಗೆ ಅದೊಂದು ಹೊಸ ತಲೆನೋವು.

ಇನ್ನು ಮುಖ್ಯ ಸಂಗತಿ. ಬುಷ್ ಷರತ್ತಿನಲ್ಲಿ "ದಾನಿಗಳ ಒಪ್ಪಿಗೆ" ಅನ್ನೋ ಮಾತು ಇತ್ತು. ಆ ಒಪ್ಪಿಗೆ ಪತ್ರಗಳನ್ನು ತರಿಸಿಕೊಂಡು ಕೂತು ಓದಿ, ಹಲವು ಲೈನ್‌ಗಳ ಪತ್ರಗಳಲ್ಲಿ ಇರಬೇಕಾದ್ದೇ ಇಲ್ಲ ಎಂದು ವಿಸ್ಕಾನ್ಸಿನ್‌ನ ನೀತಿಶಾಸ್ತ್ರಜ್ಞ ರಾಬರ್ಟ್ ಸ್ಟ್ರೈಫರ್ ಪ್ರಕಟಿಸಿದ್ದು 2008ರಲ್ಲಿ. ಏಳು ವರ್ಷ! ಅಷ್ಟೂ ವರ್ಷ ಸಂಸತ್ತಿನಲ್ಲಿ, ಚರ್ಚಿನಲ್ಲಿ, ಟೀವಿಯಲ್ಲಿ ಭ್ರೂಣದ ಆತ್ಮದ ಬಗ್ಗೆ ಭಾಷಣ ನಡೆದೇ ಇತ್ತು.

ಈ ನಡುವೆ ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ಖಾಸಗಿ ದುಡ್ಡಿನಲ್ಲಿ 17 ಹೊಸ ಲೈನ್ ಮಾಡಿ 2004ರಲ್ಲಿ ಕೇಳಿದವರಿಗೆಲ್ಲ ಕೊಟ್ಟರು. ಅಂಥ ಲೈನ್ ಇಟ್ಟುಕೊಂಡ ಅಮೆರಿಕದ ಲ್ಯಾಬುಗಳಲ್ಲಿ ಮಡಿ-ಮೈಲಿಗೆ ಶುರು. ಕೇಂದ್ರದ ದುಡ್ಡಿನ ಮೈಕ್ರೊಸ್ಕೋಪಿನ ಕೆಳಗೆ "ಹೊರಗಿನ" ತಟ್ಟೆ ಇಡುವಂತಿರಲಿಲ್ಲ. ಇನ್‌ಕ್ಯುಬೇಟರ್ ಎರಡು, ಫ್ರಿಜ್ ಎರಡು, ಪಿಪೆಟ್ ಎರಡು ಜೊತೆ, ಮೇಲೆ ಗುರುತಿನ ಚೀಟಿ. ನಮ್ಮ ಅಜ್ಜಿಯಂದಿರು ನೋಡಿದ್ದರೆ ಮೆಚ್ಚಿಕೊಳ್ಳುತ್ತಿದ್ದರು.

2006ರ ಜುಲೈನಲ್ಲಿ ಅಮೆರಿಕದ ಸಂಸತ್ತು ಐವಿಎಫ್‌ನಲ್ಲಿ ಉಳಿದ ಭ್ರೂಣಗಳಿಂದ ಮಾಡುವ ಲೈನ್‌ಗಳಿಗೂ ದುಡ್ಡು ಕೊಡುವ ಮಸೂದೆ ಪಾಸು ಮಾಡಿತು. ಬುಷ್ ತಮ್ಮ ಅಧ್ಯಕ್ಷಾವಧಿಯ ಮೊದಲ ವೀಟೊ ಹಾಕಿದ್ದು ಇದಕ್ಕೇ. ಪಕ್ಕದಲ್ಲಿ ದತ್ತು ಭ್ರೂಣದಿಂದ (ಒಂದು ದಂಪತಿಗೆ ಉಳಿದದ್ದನ್ನು ಇನ್ನೊಬ್ಬರು ಪಡೆದ ಭ್ರೂಣದಿಂದ) ಹುಟ್ಟಿದ ಮಕ್ಕಳನ್ನು ನಿಲ್ಲಿಸಿಕೊಂಡಿದ್ದರು. ಮುದ್ದಾದ ಮಕ್ಕಳು, ಅವರ ಬಗ್ಗೆ ನನಗೆ ಒಂದು ಮಾತೂ ಇಲ್ಲ. ಆದರೆ 2003ರ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆಯ ಸಮೀಕ್ಷೆ ಪ್ರಕಾರ ಆ ದೇಶದ ಟ್ಯಾಂಕುಗಳಲ್ಲಿ ಸುಮಾರು 4 ಲಕ್ಷ ಭ್ರೂಣ ಇದ್ದವು. ದಂಪತಿಗಳು ಸಂಶೋಧನೆಗೆ ಅಂತ ಗುರುತು ಮಾಡಿದ್ದು ಅದರಲ್ಲಿ ಶೇಕಡಾ 3ಕ್ಕೂ ಕಡಿಮೆ, ಸುಮಾರು 11 ಸಾವಿರ. ಬಿಡಿಸುವಾಗ, ಬೆಳೆಸುವಾಗ ಸಾಯುವುದೆಲ್ಲ ಕಳೆದರೆ ಅಷ್ಟರಿಂದ ಬರಬಹುದಾದ ಲೈನ್‌ಗಳು 275 ಎಂದು ಅವರೇ ಅಂದಾಜು ಮಾಡಿದ್ದರು. ವೀಟೊದಿಂದ ಒಂದು ಭ್ರೂಣವೂ ಉಳಿಯಲಿಲ್ಲ. ಹಳದಿ ಚೀಲದ ದಾರಿಗೆ ಯಾರೂ ವೀಟೊ ಹಾಕಿರಲಿಲ್ಲವಲ್ಲ.

ಜರ್ಮನಿಯವರದ್ದು ಇನ್ನೂ ಸೊಗಸು. ತಮ್ಮ ನೆಲದಲ್ಲಿ ಸಂಶೋಧನೆಗೆ ಅಂತ ಭ್ರೂಣ ಮುಟ್ಟಿದರೆ ಜೈಲು. ಆದರೆ 2002ರ ಕಾನೂನು ಪ್ರಕಾರ ಬೇರೆ ದೇಶದವರು 2002ರ ಜನವರಿ 1ಕ್ಕೆ ಮೊದಲು ಮಾಡಿಟ್ಟ ಲೈನ್‌ಗಳನ್ನು ಅನುಮತಿ ಪಡೆದು ತರಿಸಿಕೊಳ್ಳಬಹುದು. ಹಳೆಯ ಲೈನ್ ಸಾಲದೆ ಹೋದಾಗ 2008ರಲ್ಲಿ ಆ ತಾರೀಖನ್ನು 2007ರ ಮೇ 1ಕ್ಕೆ ಸರಿಸಿದರು. ಪಾಪದ ತಾರೀಖನ್ನು ಮುಂದೂಡಿದ ಮೊದಲ ಸಂಸತ್ತು ಅದೇ ಇರಬೇಕು.

ಭ್ರೂಣವೇ ಮಗು ಅಂತ ನಿಜಕ್ಕೂ ನಂಬಿದರೆ ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನೋದನ್ನು ಅಲಬಾಮ ತೋರಿಸಿಕೊಟ್ಟಿತು. 2020ರಲ್ಲಿ ಮೊಬೈಲ್ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ಒಬ್ಬ ರೋಗಿ ಶೀತಲ ಕೋಣೆಗೆ ನುಗ್ಗಿ ಭ್ರೂಣಗಳನ್ನು ಬರಿಗೈಯಲ್ಲಿ ಎತ್ತಿದ, ಚಳಿಗೆ ಕೈ ಸುಟ್ಟು ನೆಲಕ್ಕೆ ಬೀಳಿಸಿದ. ದಂಪತಿಗಳು ಕೋರ್ಟಿಗೆ ಹೋದರು. ಫ್ರೀಜ್ ಆದ ಭ್ರೂಣವೂ ಕಾನೂನಿನ ಕಣ್ಣಿಗೆ ಮಗುವೇ ಎಂದು 2024ರ ಫೆಬ್ರವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಮರುವಾರವೇ ಹಲವು ಕ್ಲಿನಿಕ್‌ಗಳು ಐವಿಎಫ್ ನಿಲ್ಲಿಸಿದವು. ಹಾರ್ಮೋನ್ ಚುಚ್ಚಿಸಿಕೊಳ್ಳುತ್ತಾ ಅರ್ಧ ದಾರಿಯಲ್ಲಿದ್ದ ಹೆಂಗಸರು ಕಂಗಾಲು. ಆಗ ಅದೇ ಧರ್ಮಭೀರು ಶಾಸಕರು ಮಾರ್ಚ್ 6ರೊಳಗೆ ಕ್ಲಿನಿಕ್‌ಗಳಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುವ ಕಾಯ್ದೆ ಮಾಡಿದರು. ಭ್ರೂಣ ಮಗು ಹೌದೋ ಅಲ್ಲವೋ ಅನ್ನೋ ಪ್ರಶ್ನೆಯನ್ನು ಮಾತ್ರ ಮುಟ್ಟಲಿಲ್ಲ.

"ಈಗ ಐಪಿಎಸ್ ಕೋಶ ಬಂದಿದೆಯಲ್ಲ, ಚರ್ಮದ ಕೋಶವನ್ನೇ ಸ್ಟೆಮ್ ಸೆಲ್ ಆಗಿ ಮಾರ್ಪಡಿಸಬಹುದು, ಭ್ರೂಣ ಯಾಕೆ?" ಕಾಮೆಂಟಿನಲ್ಲಿ ಬರೋದು ಖಂಡಿತ, ಈಗಲೇ ಹೇಳಿಬಿಡ್ತೇನೆ. ಶಿನ್ಯಾ ಯಮನಾಕಾ 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯರಲ್ಲಿ ನಾಲ್ಕು ಜೀನ್ ಹಾಕಿ ಮಾಡಿ ತೋರಿಸಿದ್ದು ಅದ್ಭುತವೇ, 2012ರ ನೊಬೆಲ್ ನ್ಯಾಯವಾಗಿಯೇ ಬಂತು. ಆದರೆ ಆ ಜೀನ್‌ಗಳನ್ನು ಆರಿಸಿದ್ದು ಭ್ರೂಣದ ಸ್ಟೆಮ್ ಸೆಲ್‌ನಲ್ಲಿ ಏನು ಕೆಲಸ ಮಾಡುತ್ತದೆ ಅಂತ ನೋಡಿ. ಐಪಿಎಸ್ ಸರಿಯಾಗಿದೆಯೋ ಇಲ್ಲವೋ ಅಂತ ತೂಗಿ ನೋಡಿದ್ದೂ ಭ್ರೂಣದ ಲೈನ್ ಪಕ್ಕದಲ್ಲಿಟ್ಟು. ಜಪಾನಿನಲ್ಲಿ 2014ರಲ್ಲಿ ಮೊದಲ ರೋಗಿಯ ಕಣ್ಣಿಗೆ ಐಪಿಎಸ್ ಪದರ ಹಾಕಿದ ಮೇಲೆ ಎರಡನೆಯವರದ್ದನ್ನು ತಡೆಹಿಡಿದದ್ದು ಕೋಶದಲ್ಲಿ ರೂಪಾಂತರ ಕಂಡಿತು ಅಂತ. ಅದೂ ಬೇಕು, ಇದೂ ಬೇಕು.

ಅದಿರಲಿ, 2025ರಲ್ಲಿ ಬಂದ ಎರಡು ಫಲಿತಾಂಶ ನೋಡಿ. ಪಾರ್ಕಿನ್ಸನ್ ಕಾಯಿಲೆಯ 12 ಜನರ ಮಿದುಳಿಗೆ ಡೋಪಮಿನ್ ನರಕೋಶದ ಪೂರ್ವರೂಪ ಹಾಕಿದ ಪ್ರಯೋಗದ ಕೋಶಗಳು ಬಂದದ್ದು ಎಚ್9ನಿಂದ. ಹೌದು, 1998ರ ಅದೇ ಎಚ್9. ಇನ್ನೊಂದು ಟೈಪ್ 1 ಮಧುಮೇಹದ್ದು. ಮೆಲ್ಟನ್ ಲ್ಯಾಬಿನ ಕೆಲಸದಿಂದ ಹೊರಟ, ಭ್ರೂಣದ ಸ್ಟೆಮ್ ಸೆಲ್‌ನಿಂದಲೇ ಮಾಡಿದ ಇನ್ಸುಲಿನ್ ಕೋಶಗಳನ್ನು ಪೂರ್ತಿ ಡೋಸ್ ಪಡೆದ 12 ಜನರಲ್ಲಿ 10 ಮಂದಿ ವರ್ಷ ಕಳೆದ ಮೇಲೆ ಇನ್ಸುಲಿನ್ ಚುಚ್ಚಿಕೊಳ್ಳೋದು ನಿಲ್ಲಿಸಿದ್ದರು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಮಾತ್ರ ತಪ್ಪಲಿಲ್ಲ, ಹಾಗಾಗಿ ಎಲ್ಲ ಮಧುಮೇಹಿಗಳಿಗೂ ಇದು ನಾಳೆಯೇ ಅಂತ ಹಾರಬೇಡಿ. ಮಂಡಿನೋವಿನ ಜಾಹೀರಾತಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಮಾರ್ಪಡಿಸದ ಭ್ರೂಣದ ಕೋಶವನ್ನು ಹಾಗೇ ಚುಚ್ಚಿದರೆ ಹಲ್ಲು, ಕೂದಲು, ಎಲುಬು ಬೆರೆತ ಟೆರಟೋಮಾ ಗಡ್ಡೆ ಬರಬಹುದು. ಲೈನ್ ಅಸಲಿಯೋ ಅಂತ ಪರೀಕ್ಷಿಸಲು ಇಲಿಯಲ್ಲಿ ನಾವು ಬೇಕೆಂದೇ ಬೆಳೆಸುವುದು ಅದನ್ನೇ. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2013ರಲ್ಲಿ ತನ್ನ ಸ್ಟೆಮ್ ಸೆಲ್ ಮಾರ್ಗಸೂಚಿಯ ಹೆಸರಿನಿಂದ "ಚಿಕಿತ್ಸೆ" ಅನ್ನುವ ಪದವನ್ನೇ ಕಿತ್ತುಹಾಕಿತು. ಕ್ಲಿನಿಕ್‌ಗಳು ಇನ್ನೂ ಬೋರ್ಡಿನಿಂದ ಕಿತ್ತಿಲ್ಲ.

ವಿರೋಧಿಗಳ ಒಂದು ಮಾತಿಗೆ ಮಾತ್ರ ನಾನು ತಲೆಬಾಗುತ್ತೇನೆ, ಅಂಡಾಣು ಕೊಡುವ ಹೆಂಗಸರ ಶೋಷಣೆಯ ಮಾತಿಗೆ, ಅದನ್ನು ಅವರು ಹೇಳೋದೇ ಅಪರೂಪ. ಕೊರಿಯಾದ ಹ್ವಾಂಗ್ ವೂ-ಸುಕ್ 2004, 2005ರಲ್ಲಿ ಕ್ಲೋನ್ ಮಾಡಿದ ಭ್ರೂಣದಿಂದ ಲೈನ್ ತೆಗೆದೆ ಎಂದು ಜಗತ್ತನ್ನೇ ನಂಬಿಸಿದ. 2006ರ ಜನವರಿಯಲ್ಲಿ ಅವನ ವಿಶ್ವವಿದ್ಯಾಲಯವೇ ಎಲ್ಲ ಸುಳ್ಳು ದಾಖಲೆ ಎಂದಿತು. ಪತ್ರಿಕೆಗಳು ಬರೆದದ್ದು ಸುಳ್ಳಿನ ಬಗ್ಗೆ. ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಆ ಸುಳ್ಳಿಗಾಗಿ ನೂರಕ್ಕೂ ಹೆಚ್ಚು ಹೆಂಗಸರಿಂದ ಎರಡು ಸಾವಿರಕ್ಕೂ ಹೆಚ್ಚು ಅಂಡಾಣು ತೆಗೆದಿದ್ದರು. ಕೆಲವರಿಗೆ ದುಡ್ಡು ಕೊಟ್ಟು. ಕೊಟ್ಟವರಲ್ಲಿ ಅವನ ಲ್ಯಾಬಿನಲ್ಲೇ ಕೈಕೆಳಗೆ ದುಡಿಯುತ್ತಿದ್ದ ಹುಡುಗಿಯರೂ ಇದ್ದರು. ಅಲ್ಲಿ ಕೆಟ್ಟದ್ದು ನಡೆದದ್ದು ತಟ್ಟೆಯೊಳಗೆ ಅಲ್ಲ ಮಾರಾಯರೇ, ಬಾಸ್ ಮುಂದೆ "ಇಲ್ಲ" ಅನ್ನಲಾಗದ ಆ ಹುಡುಗಿಯ ಮೈಯಲ್ಲಿ.

ನಮ್ಮ ದೇಶದ ಕೃತಕ ಗರ್ಭಧಾರಣೆ ನಿಯಂತ್ರಣದ ಎಆರ್‌ಟಿ ಕಾಯ್ದೆ, 2021, ಇದನ್ನು ಸ್ವಲ್ಪ ಮಟ್ಟಿಗೆ ಗಮನಿಸಿದೆ. ದಾನಿ ಜೀವನದಲ್ಲಿ ಒಂದೇ ಸಲ ಅಂಡಾಣು ಕೊಡಬಹುದು, ಏಳಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಭ್ರೂಣವನ್ನು ಹೆಚ್ಚೆಂದರೆ ಹತ್ತು ವರ್ಷ ಇಡಬಹುದು, ಆಮೇಲೆ ನಶಿಸಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆ ಇದ್ದರೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಸಂಶೋಧನೆಗೆ ಅಂತ ಹೊರದೇಶಕ್ಕೆ ಕಳಿಸುವುದು ನಿಷಿದ್ಧ. ಎಸೆಯೋದು, ಕೊಡೋದು ಎರಡನ್ನೂ ಒಂದೇ ಸಾಲಿನಲ್ಲಿ ಬರೆದ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಎಸೆಯುವ ಭ್ರೂಣದಿಂದ ಏನಾಗಬಹುದು ಅನ್ನೋದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಜಕ್ಕೂರಿನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್‌ನಲ್ಲಿ ಮನೀಷಾ ಇನಾಮ್‌ದಾರ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಎರಡು ಲೈನ್‌ಗಳು ಬಂದದ್ದು ಗ್ರೇಡ್ 3 ಅಂತ ತಿರಸ್ಕೃತವಾದ ಭ್ರೂಣಗಳಿಂದ.

ಆದರೆ ಒಪ್ಪಿಗೆ ಅಂದರೆ ಏನು? ದಾಖಲಾಗುವ ದಿನ, ಅಡ್ವಾನ್ಸ್ ಕಟ್ಟುವ ಕೌಂಟರಿನಲ್ಲಿ, ಅರಿವಳಿಕೆಯ ಫಾರ್ಮು, ಬಿಲ್ಲಿನ ಫಾರ್ಮು ಎಲ್ಲದರ ಜೊತೆ ಹದಿನೈದು ಹಾಳೆ ಮುಂದೆ ತಳ್ಳಿ "ಇಲ್ಲೊಂದು, ಇಲ್ಲೊಂದು ಸಹಿ ಹಾಕಮ್ಮ" ಅನ್ನೋದಲ್ಲ. ಸಂಶೋಧನೆಯ ಪತ್ರ ಬೇರೆಯೇ ಇರಬೇಕು. ಮಗು ಬೇಕೆಂಬ ತವಕ ಮುಗಿದ ಮೇಲೆ, ಉಳಿದ ಭ್ರೂಣ ಏನು ಮಾಡೋದು ಅನ್ನೋ ಹೊತ್ತಿಗೆ ಮತ್ತೊಮ್ಮೆ ಕೇಳಬೇಕು. ಕೇಳುವವರು ಚಿಕಿತ್ಸೆ ಕೊಡುವ ಡಾಕ್ಟರ್ ಆಗಿರಬಾರದು, ಅವರಿಗೆ "ಆಗಲ್ಲ ಮೇಡಂ" ಅನ್ನುವ ಧೈರ್ಯ ಎಷ್ಟು ಜನಕ್ಕಿದೆ? ಇಲ್ಲ ಅಂದರೂ ಚಿಕಿತ್ಸೆಯಲ್ಲಿ ವ್ಯತ್ಯಾಸವಾಗೋದಿಲ್ಲ ಅಂತ ಬರೆದಿರಬೇಕು. ಭ್ರೂಣ ನಾಶವಾಗುತ್ತದೆ, ಕೋಶ ಹತ್ತಾರು ವರ್ಷ ಉಳಿಯುತ್ತದೆ, ಅದರಿಂದ ಯಾರಾದರೂ ದುಡ್ಡು ಮಾಡಬಹುದು, ನಿಮಗೆ ಪೈಸೆಯೂ ಬರೋದಿಲ್ಲ ಅನ್ನೋ ನಾಲ್ಕು ಮಾತು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಲೈನ್ ಬಿಡಿಸುವ ದಿನದವರೆಗೂ ಮನಸ್ಸು ಬದಲಿಸಬಹುದು ಅನ್ನೋದೂ ಇರಬೇಕು. ಬುಷ್ ಹಾಕಿದ ಮಿತಿಯನ್ನು ತೆಗೆದ ಒಬಾಮ ಆಜ್ಞೆಯ ನಂತರ 2009ರ ಜುಲೈನಲ್ಲಿ ಎನ್‌ಐಎಚ್ ಬರೆದ ನಿಯಮಗಳಲ್ಲಿ ಇವೆಲ್ಲ ಹೆಚ್ಚುಕಡಿಮೆ ಇವೆ. ಎಚ್9 ಕೂಡ 2010ರಲ್ಲಿ ಹೊಸದಾಗಿ ಕಾಗದ ತೋರಿಸಿಯೇ ಪಟ್ಟಿ ಸೇರಬೇಕಾಯಿತು.

ಎಆರ್‌ಟಿ ಕಾಯ್ದೆ ಜಾರಿಗೆ ಬಂದದ್ದು 2022ರ ಜನವರಿ. ಆ ವರ್ಷ ಫ್ರೀಜ್ ಆದ ಸ್ಟ್ರಾಗಳಿಗೆ 2032ಕ್ಕೆ ಹತ್ತು ವರ್ಷ ತುಂಬುತ್ತದೆ. ಅಷ್ಟರಲ್ಲಿ ಫೋನ್ ನಂಬರ್ ಬದಲಾಗಿರುತ್ತದೆ, ಕೆಲವರು ಬೇರೆಯಾಗಿರುತ್ತಾರೆ, ಕ್ಲಿನಿಕ್ಕೇ ಕೈ ಬದಲಾಗಿರುತ್ತದೆ. ಗಂಡ ಕೊಡೋಣ ಅಂದು ಹೆಂಡತಿ ಬೇಡ ಅಂದರೆ ಯಾರ ಮಾತು ನಡೆಯುತ್ತದೆ, ಇಬ್ಬರೂ ಫೋನ್ ಎತ್ತದಿದ್ದರೆ ಸ್ಟ್ರಾ ಎಲ್ಲಿಗೆ ಹೋಗುತ್ತದೆ, ಇದನ್ನು ಸ್ಪಷ್ಟವಾಗಿ ಬರೆದ ಕನ್ನಡದ ಫಾರ್ಮ್ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ, ಹೆಸರು, ಆಸ್ಪತ್ರೆ ಎರಡೂ ಮುಚ್ಚಿ ಫೋಟೊ ಕಾಮೆಂಟಿನಲ್ಲಿ ಹಾಕಿ.